ಮತಗಳಿಂದ ಬಂದ ಬಲ, ಒಪ್ಪಂದದಿಂದ ಸಿಕ್ಕ ಪಟ್ಟ: 1933ರ ಜರ್ಮನಿಯ ಕುರಿತು ಓದುಗರ ಪ್ರಶ್ನೆಗಳು

ಜರ್ಮನಿಯ ವೈಮಾರ್ ಗಣರಾಜ್ಯ, ಅಂದರೆ ಮೊದಲ ಮಹಾಯುದ್ಧದ ನಂತರ ಬಂದ ಪ್ರಜಾಪ್ರಭುತ್ವ, ಕುಸಿದು ನಾಜಿಗಳ ಆಳ್ವಿಕೆ ಆರಂಭವಾದ ಬಗೆಯನ್ನು ಕಳೆದ ಸಂಚಿಕೆಯ ಲೇಖನವೊಂದು ಸಂಕ್ಷೇಪವಾಗಿ ವಿವರಿಸಿತ್ತು. ಅದನ್ನು ಓದಿ ಬಂದ ಪತ್ರಗಳು ಎಷ್ಟಿದ್ದವೆಂದರೆ, ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಡಬೇಕಾಯಿತು. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ. ಓದುಗರ ಊರನ್ನು ಮಾತ್ರ ನಮೂದಿಸಿದ್ದೇವೆ.

ಪ್ರಶ್ನೆ (ಧಾರವಾಡ): ಹಿಟ್ಲರ್‌ನನ್ನು ಜನರೇ ಬಹುಮತದಿಂದ ಆರಿಸಿದರು, ಹಾಗಾಗಿ ಪ್ರಜಾಪ್ರಭುತ್ವವನ್ನು ಕೊಂದದ್ದು ಪ್ರಜಾಪ್ರಭುತ್ವವೇ ಎಂದು ಅನೇಕರು ಹೇಳುತ್ತಾರೆ. ಈ ಮಾತು ಸರಿಯೇ?

ಉತ್ತರ: ಸರಿಯಲ್ಲ. ಇಷ್ಟು ವ್ಯಾಪಕವಾಗಿ ಹರಡಿರುವ ಮಾತಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಬೇಕಾಗಿದೆ. ಮುಕ್ತವಾಗಿ ನಡೆದ ಯಾವ ಚುನಾವಣೆಯಲ್ಲೂ ನಾಜಿ ಪಕ್ಷಕ್ಕೆ ಬಹುಮತ ಬರಲಿಲ್ಲ. 1932ರ ಜುಲೈ 31ರಂದು ಸಂಸತ್ತಿಗೆ, ಅಂದರೆ ರೈಷ್‌ಟಾಗ್‌ಗೆ, ನಡೆದ ಚುನಾವಣೆಯಲ್ಲಿ ಅದು ಪಡೆದ ಶೇ 37.3ರಷ್ಟು ಮತ ಮತ್ತು 230 ಸ್ಥಾನಗಳೇ ಅದರ ಅತ್ಯುನ್ನತ ಸಾಧನೆ. ಅದೇ ವರ್ಷ ನವೆಂಬರ್ 6ರಂದು ಮತ್ತೆ ಚುನಾವಣೆ ನಡೆದಾಗ ಮತಪ್ರಮಾಣ ಶೇ 33.1ಕ್ಕೆ ಇಳಿದು, ಸ್ಥಾನಗಳು 196ಕ್ಕೆ ಕುಸಿದವು. ಅಧ್ಯಕ್ಷ ಹುದ್ದೆಗೆ ಹಿಟ್ಲರ್ ನೇರವಾಗಿ ಸ್ಪರ್ಧಿಸಿದಾಗಲೂ, 1932ರ ಏಪ್ರಿಲ್ 10ರ ಎರಡನೇ ಸುತ್ತಿನಲ್ಲಿ ವೃದ್ಧ ಸೇನಾನಿ ಪಾಲ್ ಫಾನ್ ಹಿಂಡೆನ್‌ಬರ್ಗ್‌ಗೆ ಶೇ 53ರಷ್ಟು ಮತ ಬಿದ್ದರೆ ಹಿಟ್ಲರ್‌ಗೆ ಬಿದ್ದದ್ದು ಶೇ 37ಕ್ಕಿಂತ ತುಸು ಕಡಿಮೆ.

ಹಾಗಾದರೆ ಮತ ಇಳಿಮುಖವಾಗಿದ್ದ ಪಕ್ಷದ ನಾಯಕ ಮೂರೇ ತಿಂಗಳಲ್ಲಿ, 1933ರ ಜನವರಿ 30ರಂದು, ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಆದದ್ದು ಹೇಗೆ? 1932ರ ಡಿಸೆಂಬರ್‌ನಲ್ಲಿ ಆ ಪಕ್ಷದ ಸ್ಥಿತಿ ಚೆನ್ನಾಗಿರಲಿಲ್ಲ. ಮೇಲಿಂದ ಮೇಲೆ ಬಂದ ಚುನಾವಣೆಗಳಿಂದ ಸಾಲ ಬೆಳೆದಿತ್ತು. ಪಕ್ಷದ ಸಂಘಟನೆಯನ್ನು ಕಟ್ಟಿದ್ದ ಗ್ರೆಗರ್ ಸ್ಟ್ರಾಸರ್ ತನ್ನ ಹುದ್ದೆಗಳಿಗೆಲ್ಲ ರಾಜೀನಾಮೆ ಕೊಟ್ಟು ಹೊರನಡೆದಿದ್ದ. ಆ ಹೊತ್ತಿನಲ್ಲಿ ಹಿಟ್ಲರ್‌ನ ಕೈ ಹಿಡಿದೆತ್ತಿದವನು ಮಾಜಿ ಚಾನ್ಸಲರ್ ಫ್ರಾಂಜ್ ಫಾನ್ ಪಾಪೆನ್. ತನ್ನ ಕುರ್ಚಿಗೆ ಬಂದು ಕೂತ ಜನರಲ್ ಕುರ್ಟ್ ಫಾನ್ ಶ್ಲೈಷರ್ ಮೇಲೆ ಅವನಿಗೆ ಹಗೆಯಿತ್ತು. 1933ರ ಜನವರಿ 4ರಂದು ಕಲೋನ್ ನಗರದಲ್ಲಿ ಬ್ಯಾಂಕರ್ ಕುರ್ಟ್ ಫಾನ್ ಶ್ರೋಡರ್‌ನ ಮನೆಯಲ್ಲಿ ಪಾಪೆನ್ ಮತ್ತು ಹಿಟ್ಲರ್ ಭೇಟಿಯಾದರು. ಹಿಂದಿನ ವರ್ಷ ಆಗಸ್ಟ್‌ನಲ್ಲಿ ಹಿಟ್ಲರ್‌ಗೆ ಚಾನ್ಸಲರ್ ಪದವಿ ಕೊಡಲು ಕಡ್ಡಿ ಮುರಿದಂತೆ ನಿರಾಕರಿಸಿದ್ದ ಹಿಂಡೆನ್‌ಬರ್ಗ್‌ನ ಮನಸ್ಸನ್ನು ಅವನ ಮಗ ಆಸ್ಕರ್, ಪಾಪೆನ್ ಮತ್ತು ಕಾರ್ಯದರ್ಶಿ ಓಟೋ ಮೈಸ್ನರ್ ಸೇರಿ ನಾಲ್ಕು ವಾರಗಳೊಳಗೆ ತಿರುಗಿಸಿದರು. ಇದರಲ್ಲಿ ಮತದಾರನ ಪಾತ್ರವೇನೂ ಇರಲಿಲ್ಲ. ಹೊಸ ಸಂಪುಟದಲ್ಲಿ ಹಿಟ್ಲರ್‌ನನ್ನೂ ಸೇರಿಸಿ ನಾಜಿಗಳು ಮೂವರೇ ಇದ್ದರು. ಉಳಿದವರೆಲ್ಲ ಸಂಪ್ರದಾಯವಾದಿಗಳು, ಭೂಮಾಲೀಕ ಕುಲೀನರು, ಹಳೆಯ ಅಧಿಕಾರಿಗಳು. ಉಪ ಚಾನ್ಸಲರ್ ಆದ ಪಾಪೆನ್, ಎಚ್ಚರಿಕೆ ಹೇಳಲು ಬಂದವರಿಗೆ 'ನಾವು ಅವನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದೇವೆ' ಎಂಬರ್ಥದ ಮಾತಾಡಿದನೆಂದು ಸಮಕಾಲೀನರು ದಾಖಲಿಸಿದ್ದಾರೆ. ಒಂದೂವರೆ ವರ್ಷದ ನಂತರ, 1934ರ ಜೂನ್ 30ರಂದು, ಹಿಟ್ಲರ್ ತನಗೆ ಅಡ್ಡಿಯೆನಿಸಿದವರನ್ನು ಕೊಲ್ಲಿಸತೊಡಗಿದಾಗ, ಅದೇ ಪಾಪೆನ್‌ನ ಕಚೇರಿಯಲ್ಲಿ ಅವನ ಸಹಾಯಕ ಹರ್ಬರ್ಟ್ ಫಾನ್ ಬೋಸೆಯನ್ನು ಗುಂಡಿಟ್ಟು ಕೊಲ್ಲಲಾಯಿತು, ಪಾಪೆನ್ ಗೃಹಬಂಧನದಲ್ಲಿದ್ದ, ಶ್ಲೈಷರ್ ಹೆಂಡತಿಯೊಡನೆ ತನ್ನ ಮನೆಯಲ್ಲೇ ಹತನಾದ.

ಹೀಗೆಂದ ಮಾತ್ರಕ್ಕೆ ಮತ ಹಾಕಿದ 1 ಕೋಟಿ 37 ಲಕ್ಷ ಜನರ ಹೊಣೆ ಕಳೆಯುವುದಿಲ್ಲ. ಆ ಮತಗಳ ಬಲವಿಲ್ಲದಿದ್ದರೆ ಪಾಪೆನ್‌ಗೆ ಹಿಟ್ಲರ್ ಬೇಕಾಗುತ್ತಲೇ ಇರಲಿಲ್ಲ. ಆದರೆ ಮೂರರಲ್ಲೊಂದು ಪಾಲು ಮತ ಪಡೆದ ಪಕ್ಷವನ್ನು ಅಧಿಕಾರದ ಬಾಗಿಲ ಹೊರಗೆ ನಿಲ್ಲಿಸಲು ಸಾಧ್ಯವಿತ್ತು. ಒಳಗಿದ್ದವರೇ ಬಾಗಿಲು ತೆರೆದರು. ಸಂಸತ್ತಿಲ್ಲದ, ಕಾರ್ಮಿಕ ಸಂಘಟನೆಗಳ ಕಾಟವಿಲ್ಲದ ಆಳ್ವಿಕೆ ಅವರಿಗೆ ಬೇಕಾಗಿತ್ತು. ಅದಕ್ಕೆ ಬೇಕಾದ ಜನಬಲ ಅವರ ಬಳಿ ಇರಲಿಲ್ಲ, ಹಿಟ್ಲರ್ ಬಳಿ ಇತ್ತು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದೇ.

ಪ್ರಶ್ನೆ (ಹಾಸನದ ಪಿಯುಸಿ ವಿದ್ಯಾರ್ಥಿನಿ): ವರ್ಸೇಲ್ಸ್ ಒಪ್ಪಂದದ ಅವಮಾನ ಮತ್ತು ಹಣದುಬ್ಬರ ನಾಜಿಗಳನ್ನು ಅಧಿಕಾರಕ್ಕೆ ತಂದವು ಎಂದು ನಾವು ಓದಿದ್ದೇವೆ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಸಾಕೇ?

ಉತ್ತರ: ಅಂಕ ಬರಬಹುದು, ಆದರೆ ಇಸವಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ ಹೇರಿದ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1919ರಲ್ಲಿ. ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿ ಉಳಿತಾಯದ ಹಣವೆಲ್ಲ ಕಸವಾದದ್ದು 1923ರ ನವೆಂಬರ್‌ನಲ್ಲಿ. ಇವೆರಡೂ ನಡೆದುಹೋದ ಮೇಲೆ, 1928ರ ಮೇ ತಿಂಗಳ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಸಿಕ್ಕಿದ್ದು ಶೇ 2.6ರಷ್ಟು ಮತ, 12 ಸ್ಥಾನ. ಅಂದರೆ ಅವಮಾನವೂ ಹಣದುಬ್ಬರವೂ ಮನಸ್ಸುಗಳಲ್ಲಿ ಗಾಯ ಉಳಿಸಿದ್ದು ನಿಜವಾದರೂ, ಅವಷ್ಟರಿಂದಲೇ ಜನರು ಆ ಪಕ್ಷದತ್ತ ಹೋಗಲಿಲ್ಲ. 1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆ ಕುಸಿದು, ಜರ್ಮನಿಯ ಉದ್ದಿಮೆಗಳನ್ನೂ ನಗರಸಭೆಗಳನ್ನೂ ನಡೆಸುತ್ತಿದ್ದ ಅಮೆರಿಕದ ಅಲ್ಪಾವಧಿ ಸಾಲ ಹಿಂದಕ್ಕೆ ಹೋಗತೊಡಗಿದ ಮೇಲೆ ಪರಿಸ್ಥಿತಿ ಬದಲಾಯಿತು. 1932ರ ಆರಂಭದಲ್ಲಿ ನೋಂದಾಯಿತ ನಿರುದ್ಯೋಗಿಗಳ ಸಂಖ್ಯೆ 60 ಲಕ್ಷವನ್ನು ದಾಟಿತ್ತು. ಇಂಥ ಹೊತ್ತಿನಲ್ಲಿ ಚಾನ್ಸಲರ್ ಹೈನ್‌ರಿಷ್ ಬ್ರೂನಿಂಗ್ ಸಂಬಳ, ಪಿಂಚಣಿ, ನಿರುದ್ಯೋಗ ಭತ್ಯೆಗಳನ್ನು ಕತ್ತರಿಸಿ ತೆರಿಗೆ ಏರಿಸಿದ. ಆದ್ದರಿಂದ ಹಿಟ್ಲರ್ ಅಧಿಕಾರಕ್ಕೆ ಬಂದ ಕಾಲದ ಜರ್ಮನಿಯ ಕಷ್ಟ ಹಣದುಬ್ಬರದ್ದಲ್ಲ, ಬೆಲೆಯೂ ಕೂಲಿಯೂ ಕೆಲಸವೂ ಒಟ್ಟಿಗೆ ಕುಸಿದ ಕಷ್ಟ. ಇದನ್ನು ಬರೆದರೆ ನಿಮ್ಮ ಉತ್ತರ ಇನ್ನೂ ಗಟ್ಟಿಯಾಗುತ್ತದೆ.

ಪ್ರಶ್ನೆ (ದಾವಣಗೆರೆ): ಕೆಲಸ ಕಳೆದುಕೊಂಡ ಕಾರ್ಮಿಕರೇ ನಾಜಿಗಳಿಗೆ ಮತ ಹಾಕಿದವರೇ?

ಉತ್ತರ: ಕೆಲಸ ಕಳೆದುಕೊಂಡ ಕಾರ್ಖಾನೆ ಕಾರ್ಮಿಕ ಹೆಚ್ಚಾಗಿ ಹೋದದ್ದು ಕಮ್ಯುನಿಸ್ಟ್ ಪಕ್ಷದ ಕಡೆಗೆ. ನಾಜಿಗಳಿಗೆ ಎಲ್ಲ ವರ್ಗದವರೂ ಮತ ಹಾಕಿದರು. ಆದರೆ ಹೆಚ್ಚು ಗಟ್ಟಿಯಾಗಿ ಬೆನ್ನಿಗೆ ನಿಂತವರು ಪ್ರಾಟೆಸ್ಟೆಂಟ್ ಪಂಥದ ಹಳ್ಳಿ ಮತ್ತು ಸಣ್ಣ ಪಟ್ಟಣಗಳ ಜನ: ರೈತರು, ಅಂಗಡಿಯವರು, ಕುಶಲಕರ್ಮಿಗಳು, ಕೆಳಹಂತದ ನೌಕರರು. ಕ್ಯಾಥಲಿಕ್ ಪ್ರದೇಶಗಳು ಕೊನೆಯವರೆಗೂ ತಮ್ಮ ಸೆಂಟರ್ ಪಕ್ಷವನ್ನು ಅಷ್ಟಾಗಿ ಬಿಡಲಿಲ್ಲ.

ಉತ್ತರದ ಷ್ಲೆಸ್‌ವಿಗ್-ಹೋಲ್‌ಸ್ಟೈನ್ ಪ್ರಾಂತ್ಯವನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ದನ ಸಾಕಣೆಯನ್ನು ನಂಬಿದ್ದ ಅಲ್ಲಿನ ರೈತರಿಗೆ 1927–28ರ ಹೊತ್ತಿಗೇ, ಅಂದರೆ ಜಾಗತಿಕ ಕುಸಿತಕ್ಕೂ ಮೊದಲೇ, ಬೆಲೆ ಸಿಗದಾಯಿತು. ತೆರಿಗೆ ಕಟ್ಟಲಾಗದವರ ದನಗಳನ್ನು ತೆರಿಗೆ ಅಧಿಕಾರಿಗಳು ಜಫ್ತಿ ಮಾಡಿ ಹರಾಜಿಗಿಡುತ್ತಿದ್ದರು; ಊರಿನವರು ಸೇರಿ ಹರಾಜನ್ನು ತಡೆಯುತ್ತಿದ್ದರು. ಬಿಳಿ ನೇಗಿಲು, ಕೆಂಪು ಕತ್ತಿಯ ಚಿತ್ರವಿದ್ದ ಕಪ್ಪು ಬಾವುಟ ಹಿಡಿದು ಅವರು ಬೀದಿಗಿಳಿದರು. ಆ ಹೋರಾಟವನ್ನು ಹುಟ್ಟುಹಾಕಿದ್ದು ನಾಜಿಗಳಲ್ಲ. ಸರ್ಕಾರ ಅವರ ಮಾತಿಗೆ ಕಿವಿಗೊಡಲಿಲ್ಲ, ಅವರು ಅದುವರೆಗೆ ನೆಚ್ಚಿಕೊಂಡಿದ್ದ ಹಳೆಯ ಸಂಪ್ರದಾಯವಾದಿ ಪಕ್ಷಗಳೂ ಕೈಬಿಟ್ಟವು. ಆಗ ಹಳ್ಳಿಹಳ್ಳಿಗೆ ಭಾಷಣಕಾರರನ್ನು ಕಳಿಸಿ ಆ ಸಿಟ್ಟನ್ನು ತನ್ನದಾಗಿಸಿಕೊಂಡದ್ದು ನಾಜಿ ಪಕ್ಷ. ನಿಮ್ಮ ಕಷ್ಟಕ್ಕೆ ಯಹೂದಿಗಳು, ಮಾರ್ಕ್ಸ್‌ವಾದಿಗಳು, ಬರ್ಲಿನ್‌ನ ರಾಜಕಾರಣಿಗಳು ಕಾರಣವೆಂದು ಅದು ಬೆರಳು ಮಾಡಿ ತೋರಿಸಿತು. 1928ರಲ್ಲಿ ಅಲ್ಲಿ ಶೇ 4ರಷ್ಟು ಮತ ಪಡೆದಿದ್ದ ಪಕ್ಷ 1932ರ ಜುಲೈನಲ್ಲಿ ಪಡೆದದ್ದು ಶೇ 51. ರೈತರ ಕಷ್ಟ ಸುಳ್ಳಾಗಿರಲಿಲ್ಲ ಎಂಬುದನ್ನು ಮರೆಯದೆ, ಅವರಿಗೆ ತೋರಿಸಿಕೊಟ್ಟ ಶತ್ರು ಸುಳ್ಳಾಗಿತ್ತು ಎಂಬುದನ್ನು ಹೇಳಬೇಕಾಗುತ್ತದೆ.

ಪ್ರಶ್ನೆ (ಮಂಗಳೂರು): ವಿರೋಧ ಪಕ್ಷಗಳು ಒಂದಾಗಿದ್ದರೆ ಹಿಟ್ಲರ್‌ನನ್ನು ತಡೆಯಬಹುದಿತ್ತಲ್ಲವೇ?

ಉತ್ತರ: 1932ರ ನವೆಂಬರ್‌ನಲ್ಲಿ ಸೋಷಿಯಲ್ ಡೆಮಾಕ್ರಟರಿಗೆ 121, ಕಮ್ಯುನಿಸ್ಟರಿಗೆ 100 ಸ್ಥಾನಗಳಿದ್ದವು, ಒಟ್ಟು 221, ನಾಜಿಗಳಿಗಿಂತ 25 ಹೆಚ್ಚು. ಆದರೆ ಇವರಿಬ್ಬರ ನಡುವೆ ರಕ್ತ ಹರಿದಿತ್ತು. 1919ರಲ್ಲಿ ಸೋಷಿಯಲ್ ಡೆಮಾಕ್ರಟ್ ಸರ್ಕಾರವಿದ್ದಾಗ ಅದರ ಪರ ನಿಂತ ಸ್ವಯಂಸೇವಕ ಪಡೆಗಳು ರೋಸಾ ಲಕ್ಸೆಂಬರ್ಗ್ ಮತ್ತು ಕಾರ್ಲ್ ಲೀಬ್‌ಕ್ನೆಕ್ಟ್ ಅವರನ್ನು ಕೊಂದದ್ದನ್ನು ಕಮ್ಯುನಿಸ್ಟರು ಮರೆತಿರಲಿಲ್ಲ. 1928ರ ನಂತರ ಮಾಸ್ಕೋದಿಂದ ಬಂದ ನಿಲುವಿನಂತೆ ಅವರು ಸೋಷಿಯಲ್ ಡೆಮಾಕ್ರಟರನ್ನೇ 'ಸೋಷಿಯಲ್ ಫ್ಯಾಸಿಸ್ಟರು' ಎಂದು ಕರೆದು, ಮುಖ್ಯ ಶತ್ರು ಇವರೇ ಎಂದು ಪ್ರಚಾರ ಮಾಡಿದರು. 1932ರ ನವೆಂಬರ್‌ನ ಬರ್ಲಿನ್ ಸಾರಿಗೆ ಮುಷ್ಕರದಲ್ಲಿ ನಾಜಿಗಳ ಜೊತೆಗೇ ನಿಂತರು. ಇದು ಕ್ಷಮಿಸಲಾಗದ ಕುರುಡುತನ. ಇಷ್ಟಾಗಿಯೂ ಎಡಪಕ್ಷಗಳು ಒಂದಾಗಿದ್ದರೂ ಬಹುಮತ ಬರುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು: ಸದನದ ಬಲ 584. ಕಮ್ಯುನಿಸ್ಟರಿಗೆ ಬೇಕಿದ್ದದ್ದು ಸೋವಿಯತ್ ಮಾದರಿಯ ಆಳ್ವಿಕೆಯೇ ಹೊರತು ವೈಮಾರ್ ಗಣರಾಜ್ಯವಲ್ಲ. 1932ರ ಎರಡೂ ಚುನಾವಣೆಗಳಲ್ಲಿ ಗಣರಾಜ್ಯವನ್ನು ಒಪ್ಪದ ನಾಜಿ ಮತ್ತು ಕಮ್ಯುನಿಸ್ಟ್ ಪಕ್ಷಗಳ ಸ್ಥಾನಗಳನ್ನು ಕೂಡಿಸಿದರೆ ಅರ್ಧಕ್ಕಿಂತ ಹೆಚ್ಚಾಗುತ್ತಿತ್ತು. ಗಣರಾಜ್ಯವನ್ನು ಉಳಿಸಬೇಕೆನ್ನುವವರೇ ಸದನದಲ್ಲಿ ಅಲ್ಪಸಂಖ್ಯಾತರಾಗಿದ್ದರು.

ಪ್ರಶ್ನೆ (ತುಮಕೂರಿನ ನಿವೃತ್ತ ಅಧ್ಯಾಪಕರು): ಒಂದು ಕಟ್ಟಡಕ್ಕೆ ಬೆಂಕಿ ಬಿದ್ದರೆ ಇಡೀ ದೇಶದ ಸ್ವಾತಂತ್ರ್ಯ ಹೋದದ್ದು ಹೇಗೆ? ನಿಮ್ಮ ಲೇಖನದಲ್ಲಿ ಈ ಭಾಗ ಅರ್ಥವಾಗಲಿಲ್ಲ.

ಉತ್ತರ: ಬೆಂಕಿಗಿಂತ ಮೊದಲು ಸಂವಿಧಾನದ ಒಂದು ವಿಧಿಯ ಬಗ್ಗೆ ಹೇಳಬೇಕು. 1919ರ ವೈಮಾರ್ ಸಂವಿಧಾನದ 48ನೇ ವಿಧಿಯ ಪ್ರಕಾರ, ಸಾರ್ವಜನಿಕ ಶಾಂತಿ ಗಂಭೀರವಾಗಿ ಕದಡಿದರೆ ಅಧ್ಯಕ್ಷ ಸುಗ್ರೀವಾಜ್ಞೆ ಹೊರಡಿಸಿ ಏಳು ಮೂಲಭೂತ ಹಕ್ಕುಗಳನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡಬಹುದಿತ್ತು. ಸಂಸತ್ತು ಬೇಡವೆಂದರೆ ಆ ಆಜ್ಞೆ ರದ್ದಾಗಬೇಕಿತ್ತು. ಆದರೆ 25ನೇ ವಿಧಿ ಸಂಸತ್ತನ್ನು ವಿಸರ್ಜಿಸುವ ಅಧಿಕಾರವನ್ನೂ ಅದೇ ಅಧ್ಯಕ್ಷನಿಗೆ ಕೊಟ್ಟಿತ್ತು. ತುರ್ತು ಅಧಿಕಾರದ ಮಿತಿಗಳನ್ನು ವಿವರಿಸುವ ಪ್ರತ್ಯೇಕ ಕಾಯ್ದೆ ಬರುತ್ತದೆ ಎಂದು 48ನೇ ವಿಧಿಯೇ ಹೇಳಿತ್ತು. ಹದಿನಾಲ್ಕು ವರ್ಷಗಳಲ್ಲಿ ಆ ಕಾಯ್ದೆ ಬರಲೇ ಇಲ್ಲ. 1930ರ ಜುಲೈನಲ್ಲಿ ಬ್ರೂನಿಂಗ್‌ನ ಹಣಕಾಸು ಸುಗ್ರೀವಾಜ್ಞೆಯನ್ನು ಸಂಸತ್ತು ತಿರಸ್ಕರಿಸಿದಾಗ ಹಿಂಡೆನ್‌ಬರ್ಗ್ ಸಂಸತ್ತನ್ನೇ ವಿಸರ್ಜಿಸಿದ, ಆಜ್ಞೆಯನ್ನು ಮತ್ತೆ ಹೊರಡಿಸಿದ. ಆ ಅಕಾಲಿಕ ಚುನಾವಣೆಯಲ್ಲೇ ನಾಜಿಗಳು 12ರಿಂದ 107 ಸ್ಥಾನಗಳಿಗೆ ಜಿಗಿದದ್ದು. ಅಲ್ಲಿಂದ ಮುಂದೆ ಸುಗ್ರೀವಾಜ್ಞೆಯೇ ಆಳ್ವಿಕೆಯ ರೂಢಿಯಾಯಿತು. 1932ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಗಳು ಐದು. ತುರ್ತು ಸುಗ್ರೀವಾಜ್ಞೆಗಳು ಅದರ ಹತ್ತುಪಟ್ಟಿಗೂ ಮಿಗಿಲು. ಹಿಟ್ಲರ್ ಬರುವ ಮೊದಲೇ ಸಂಸತ್ತಿಲ್ಲದೆ ಆಳುವುದಕ್ಕೆ ದೇಶ ಒಗ್ಗಿಹೋಗಿತ್ತು.

ಈಗ ಬೆಂಕಿಯ ವಿಷಯ. 1933ರ ಫೆಬ್ರುವರಿ 27ರ ರಾತ್ರಿ ರೈಷ್‌ಟಾಗ್ ಭವನಕ್ಕೆ ಬೆಂಕಿ ಬಿತ್ತು. ಮರಿನಸ್ ಫಾನ್ ಡರ್ ಲುಬೆ ಎಂಬ 24 ವರ್ಷದ ಡಚ್ ಯುವಕ ಸ್ಥಳದಲ್ಲೇ ಸಿಕ್ಕಿಬಿದ್ದ. ಮಾರ್ಚ್ 5ಕ್ಕೆ ನಿಗದಿಯಾಗಿದ್ದ ಸಂಸತ್ ಚುನಾವಣೆಗೆ ಇನ್ನು ಒಂದು ವಾರವೂ ಇರಲಿಲ್ಲ. ಇದು ಕಮ್ಯುನಿಸ್ಟ್ ದಂಗೆಯ ಸಂಕೇತವೆಂದು ಸರ್ಕಾರ ಸಾರಿತು; ಮರುದಿನವೇ ಹಿಂಡೆನ್‌ಬರ್ಗ್ ಹೊಸ ಸುಗ್ರೀವಾಜ್ಞೆಗೆ ಸಹಿ ಹಾಕಿದ. ಅದರ ಮೊದಲ ಕಲಮು ವೈಯಕ್ತಿಕ ಸ್ವಾತಂತ್ರ್ಯ, ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರುವ ಮತ್ತು ಸಂಘ ಕಟ್ಟುವ ಹಕ್ಕು, ಅಂಚೆ, ತಂತಿ, ದೂರವಾಣಿಗಳ ಗೋಪ್ಯತೆ, ಮನೆಯ ಶೋಧಕ್ಕಿದ್ದ ಮಿತಿ, ಆಸ್ತಿಯ ರಕ್ಷಣೆ ಇವೆಲ್ಲವನ್ನೂ 'ಮುಂದಿನ ಆದೇಶದವರೆಗೆ' ಅಮಾನತಿನಲ್ಲಿಟ್ಟಿತು. ಆ ಮುಂದಿನ ಆದೇಶ ನಾಜಿ ಆಳ್ವಿಕೆ ಮುಗಿಯುವವರೆಗೂ, ಅಂದರೆ 1945ರವರೆಗೂ, ಬರಲಿಲ್ಲ. ಎರಡನೇ ಕಲಮು ರಾಜ್ಯ ಸರ್ಕಾರಗಳ ಅಧಿಕಾರವನ್ನು ಕೇಂದ್ರ ತನ್ನ ಕೈಗೆ ತೆಗೆದುಕೊಳ್ಳಲು ಅವಕಾಶ ಕೊಟ್ಟಿತು. ಮಾರ್ಚ್ 9ರಂದು ಬವೇರಿಯ ಕೈವಶವಾಯಿತು. ನ್ಯಾಯಾಧೀಶರ ಮುಂದೆ ಹಾಜರುಪಡಿಸದೆ ಜನರನ್ನು ಹಿಡಿದಿಡುವ 'ರಕ್ಷಣಾತ್ಮಕ ಬಂಧನ' ಎಂಬ ಪದ್ಧತಿ ಇದೇ ಆಜ್ಞೆಯ ಆಧಾರದ ಮೇಲೆ ನಡೆಯಿತು, ಮ್ಯೂನಿಕ್ ಸಮೀಪದ ಡಾಖಾವ್ ಸೆರೆಶಿಬಿರ ಮಾರ್ಚ್ 22ರಂದು ತೆರೆಯಿತು.

ಇದರ ಜೊತೆಗೆ ಪೊಲೀಸ್ ಇಲಾಖೆ ಯಾರ ಕೈಯಲ್ಲಿತ್ತು ಎಂಬುದೂ ಮುಖ್ಯ. ದೇಶದ ಐದರಲ್ಲಿ ಮೂರು ಪಾಲು ಜನರಿದ್ದ ಪ್ರಶ್ಯ ರಾಜ್ಯದ ಗೃಹ ಖಾತೆಯನ್ನು ಹರ್ಮನ್ ಗೋರಿಂಗ್ ವಹಿಸಿಕೊಂಡಿದ್ದ. ಬೆಂಕಿಗೆ ಮುನ್ನವೇ, ಫೆಬ್ರುವರಿ 22ರಂದು, ಅವನು ನಾಜಿಗಳ ಕಂದು ಅಂಗಿಯ ದಳದಿಂದ, ಹಿಟ್ಲರ್‌ನ ಅಂಗರಕ್ಷಕ ಪಡೆಯಾಗಿ ಹುಟ್ಟಿದ ಎಸ್‌ಎಸ್‌ನಿಂದ ಮತ್ತು ಸಂಪುಟದಲ್ಲಿದ್ದ ಸಂಪ್ರದಾಯವಾದಿ ಮಿತ್ರಪಕ್ಷದ ಮಾಜಿ ಸೈನಿಕರ ಸಂಘಟನೆಯಿಂದ ಸುಮಾರು 50,000 ಜನರನ್ನು ಸಹಾಯಕ ಪೊಲೀಸರನ್ನಾಗಿ ನೇಮಿಸಿದ್ದ. ಬೀದಿಯಲ್ಲಿ ಹೊಡೆದಾಡುತ್ತಿದ್ದವರ ತೋಳಿಗೇ ಪೊಲೀಸ್ ಪಟ್ಟಿ ಬಂತು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ದೂರು ಕೊಡುವುದು ಯಾರಿಗೆ?

ಪ್ರಶ್ನೆ (ಕಲಬುರಗಿ): ಸಂಸತ್ತೇ ತನ್ನ ಅಧಿಕಾರವನ್ನು ಮೂರನೇ ಎರಡರಷ್ಟು ಬಹುಮತದಿಂದ ಬಿಟ್ಟುಕೊಟ್ಟಿತಲ್ಲ, ಅದು ಕಾನೂನುಬದ್ಧವಲ್ಲವೇ?

ಉತ್ತರ: ಸಂಸತ್ತಿಲ್ಲದೆ ಸರ್ಕಾರವೇ ಕಾನೂನು ಮಾಡಬಹುದೆಂದ ಅಧಿಕಾರ ಪ್ರದಾನ ಕಾಯ್ದೆಯ ಈ ಮತದಾನ ನಡೆದದ್ದು ಎಂಥ ಸ್ಥಿತಿಯಲ್ಲಿ ಎಂದು ನೋಡಿ. 1933ರ ಮಾರ್ಚ್ 5ರ ಚುನಾವಣೆಯಲ್ಲಿ, ಇಷ್ಟೆಲ್ಲ ದಬ್ಬಾಳಿಕೆಯ ನಡುವೆಯೂ, ನಾಜಿಗಳಿಗೆ ಬಂದದ್ದು ಶೇ 43.9ರಷ್ಟು ಮತ, 647ರಲ್ಲಿ 288 ಸ್ಥಾನ. ಮಿತ್ರಪಕ್ಷದ 52 ಸೇರಿ ಸರಳ ಬಹುಮತವಾಯಿತು. ಆದರೆ ಸಂವಿಧಾನವನ್ನು ಮೀರುವ ಕಾಯ್ದೆಗೆ ಮೂರನೇ ಎರಡರಷ್ಟು ಸದಸ್ಯರು, ಅಂದರೆ 432 ಮಂದಿ ಹಾಜರಿರಬೇಕಿತ್ತು. ಹಾಜರಿದ್ದವರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕಿತ್ತು. ಕಮ್ಯುನಿಸ್ಟರ 81 ಮತ್ತು ಸೋಷಿಯಲ್ ಡೆಮಾಕ್ರಟರ 120 ಸದಸ್ಯರು ಹೊರಗುಳಿದರೆ ಸದನದಲ್ಲಿ ಉಳಿಯುವವರು 446. ಇನ್ನು 15 ಜನ ಎದ್ದುಹೋದರೆ ಕೋರಂ ಇಲ್ಲ. ಈ ಲೆಕ್ಕವನ್ನು ಸರ್ಕಾರವೂ ಹಾಕಿತ್ತು. ಅದಕ್ಕಾಗಿಯೇ ಸದನದ ನಿಯಮಾವಳಿಯನ್ನು ತಿದ್ದಿ, ಸಕಾರಣವಿಲ್ಲದೆ ಗೈರಾದವರನ್ನೂ ಹಾಜರಿದ್ದವರೆಂದು ಎಣಿಸುವಂತೆ ಮಾಡಲಾಯಿತು. ಕಾರಣ ಸರಿಯೋ ಅಲ್ಲವೋ ಎಂದು ತೀರ್ಮಾನಿಸುವವನು ಸಭಾಪತಿ ಗೋರಿಂಗ್. ಸೆರೆಮನೆಯಲ್ಲಿದ್ದ, ತಲೆಮರೆಸಿಕೊಂಡಿದ್ದ ಕಮ್ಯುನಿಸ್ಟ್ ಸದಸ್ಯರಲ್ಲಿ ಒಬ್ಬರೂ ಒಳಗೆ ಬರಲಾಗಲಿಲ್ಲ.

ಮಾರ್ಚ್ 23ರಂದು, ಸುಟ್ಟ ಭವನದ ಬದಲು ಕ್ರೋಲ್ ಒಪೆರಾ ಗೃಹದಲ್ಲಿ ಸದನ ಸೇರಿತು. ವೇದಿಕೆಯ ಹಿಂದೆ ದೊಡ್ಡ ಸ್ವಸ್ತಿಕ ಧ್ವಜ, ಹೊರಗೆ ಘೋಷಣೆ ಕೂಗುವ ಗುಂಪು, ಒಳಗಿನ ಗೋಡೆಗುಂಟ ಸಮವಸ್ತ್ರದ ಕಂದು ಅಂಗಿಯವರು. ಎಲ್ಲವೂ ನಿಂತದ್ದು ಕ್ಯಾಥಲಿಕ್ ಸೆಂಟರ್ ಪಕ್ಷದ ಮೇಲೆ. ಅದರ ನಾಯಕ, ಪಾದ್ರಿ ಲುಡ್ವಿಗ್ ಕಾಸ್, ಚರ್ಚಿನ ಮತ್ತು ಕ್ಯಾಥಲಿಕ್ ಶಾಲೆಗಳ ಹಕ್ಕುಗಳಿಗೆ ಧಕ್ಕೆಯಿಲ್ಲವೆಂಬ ಭರವಸೆ ಕೇಳಿದ್ದ. ಹಿಟ್ಲರ್ ಭಾಷಣದಲ್ಲಿ ಬಾಯಿಮಾತು ಕೊಟ್ಟ, ಲಿಖಿತ ಪತ್ರವೂ ಬರುತ್ತದೆ ಎಂದು ತಿಳಿಸಲಾಯಿತು. ಮತದಾನದ ಹೊತ್ತಿಗೆ ಪತ್ರ ಬಂದಿರಲಿಲ್ಲ, ಆಮೇಲೆಯೂ ಬರಲಿಲ್ಲ. ಪಕ್ಷದ ಒಳಸಭೆಯಲ್ಲಿ ಬ್ರೂನಿಂಗ್ ಮುಂತಾದವರು ವಿರೋಧಿಸಿದರೂ ಕೊನೆಗೆ ಶಿಸ್ತಿಗೆ ಕಟ್ಟುಬಿದ್ದು ಎಲ್ಲರೂ ಪರವಾಗಿ ಮತ ಹಾಕಿದರು. ವಿರೋಧಿಸಿ ಮಾತಾಡಿದ ಏಕೈಕ ವ್ಯಕ್ತಿ ಸೋಷಿಯಲ್ ಡೆಮಾಕ್ರಟರ ಅಧ್ಯಕ್ಷ ಓಟೋ ವೆಲ್ಸ್. 'ನಮ್ಮ ಸ್ವಾತಂತ್ರ್ಯವನ್ನೂ ಪ್ರಾಣವನ್ನೂ ಕಸಿದುಕೊಳ್ಳಬಹುದು, ಮಾನವನ್ನಲ್ಲ' ಎಂದು ಅವರು ಆ ಗದ್ದಲದ ನಡುವೆ ಹೇಳಿದರು. ಸೆರೆಯಾಗದೆ, ಓಡಿಹೋಗದೆ ಅಲ್ಲಿಗೆ ಬಂದಿದ್ದ ಅವರ ಪಕ್ಷದ 94 ಜನರೂ ವಿರೋಧವಾಗಿ ಮತ ಹಾಕಿದರು, ಪರವಾಗಿ 444. ಯಾವ ಚೌಕಾಸಿಯೂ ಇಲ್ಲದೆ, ಹೊರಗೆ ಕಾದಿದ್ದ ಅಪಾಯವನ್ನು ತಿಳಿದೂ ಹಾಕಿದ ಆ 94 ಮತಗಳನ್ನು ಓದುವಾಗ ನನಗೆ ಪ್ರತಿ ಬಾರಿಯೂ ಗೌರವ ಉಕ್ಕುತ್ತದೆ.

ಕಾನೂನುಬದ್ಧತೆಯ ಬಗ್ಗೆ ಇನ್ನೊಂದು ವಿವರ. ಐದೇ ಕಲಮುಗಳ ಆ ಅಧಿಕಾರ ಪ್ರದಾನ ಕಾಯ್ದೆಯು ಸಂವಿಧಾನಕ್ಕೆ ವ್ಯತಿರಿಕ್ತವಾದ ಕಾನೂನುಗಳನ್ನೂ ಸರ್ಕಾರವೇ ಮಾಡಬಹುದೆಂದಿತಾದರೂ, ರಾಜ್ಯಗಳ ಪ್ರತಿನಿಧಿಗಳಿದ್ದ ಮೇಲ್ಮನೆಯನ್ನು ಮುಟ್ಟಕೂಡದೆಂದೂ ಹೇಳಿತ್ತು. 1934ರ ಫೆಬ್ರುವರಿ 14ರಂದು ಆ ಮೇಲ್ಮನೆಯನ್ನೇ ರದ್ದು ಮಾಡಲಾಯಿತು. ಅಂದರೆ ತಾವೇ ಬರೆದ ಕಾಯ್ದೆಯನ್ನೂ ಅವರು ಪಾಲಿಸಲಿಲ್ಲ. 1933ರ ಮೇ 2ರಂದು ಕಾರ್ಮಿಕ ಸಂಘಗಳ ಕಚೇರಿಗಳನ್ನು ಆಕ್ರಮಿಸಿದರು, ಜೂನ್ 22ರಂದು ಸೋಷಿಯಲ್ ಡೆಮಾಕ್ರಟಿಕ್ ಪಕ್ಷವನ್ನು ನಿಷೇಧಿಸಿದರು, ಕಾಯ್ದೆಗೆ ಮತ ಹಾಕಿದ ಸೆಂಟರ್ ಪಕ್ಷ ಜುಲೈ 5ರಂದು ತಾನಾಗಿಯೇ ವಿಸರ್ಜನೆಗೊಂಡಿತು, ಜುಲೈ 14ರಂದು ನಾಜಿ ಪಕ್ಷವೊಂದೇ ಕಾನೂನುಬದ್ಧ ಪಕ್ಷವಾಯಿತು. ಚಾನ್ಸಲರ್ ಪಟ್ಟಕ್ಕೂ ಇದಕ್ಕೂ ನಡುವೆ ಆರು ತಿಂಗಳೂ ಇರಲಿಲ್ಲ.

ಪ್ರಶ್ನೆ (ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನೆಲೆಸಿರುವ ಕನ್ನಡಿಗರು): ಬರ್ಲಿನ್ ಸಂಸತ್ ಭವನದ ಹತ್ತಿರ ಸಾಲಾಗಿ ನಿಲ್ಲಿಸಿದ ಕಬ್ಬಿಣದ ಫಲಕಗಳಿವೆ. ಅವು ಇದಕ್ಕೆ ಸಂಬಂಧಪಟ್ಟವೇ?

ಉತ್ತರ: ಹೌದು. ನಾಜಿಗಳ ಕೈಯಲ್ಲಿ ಪ್ರಾಣ ಕಳೆದುಕೊಂಡ 96 ರೈಷ್‌ಟಾಗ್ ಸದಸ್ಯರ ಸ್ಮಾರಕ ಅದು. ಪ್ರತಿ ಫಲಕದ ಅಂಚಿನಲ್ಲಿ ಸದಸ್ಯರ ಹೆಸರು, ಪಕ್ಷ, ಸತ್ತ ದಿನ ಮತ್ತು ಸ್ಥಳವಿದೆ. ಮುಂದಿನ ಸಲ ಹೋದಾಗ ಬಗ್ಗಿ ಓದಿ. ಬೇರೆ ಬೇರೆ ಪಕ್ಷಗಳ ಹೆಸರುಗಳು ಕಾಣುತ್ತವೆ.

ಪ್ರಶ್ನೆ (ಮೈಸೂರಿನ ವಕೀಲರು): ನ್ಯಾಯಾಲಯಗಳು ಏನು ಮಾಡುತ್ತಿದ್ದವು?

ಉತ್ತರ: ಗಣರಾಜ್ಯ ಬಂದರೂ ನ್ಯಾಯಾಧೀಶರು ಹಿಂದಿನ ಚಕ್ರವರ್ತಿ ಕೈಸರನ ಕಾಲದವರೇ ಉಳಿದಿದ್ದರು, ಎಡಪಂಥೀಯರಿಗೆ ಕಠಿಣ ಶಿಕ್ಷೆ, ಬಲಪಂಥೀಯರಿಗೆ ರಿಯಾಯಿತಿ ಎಂಬುದು ಆ ಕಾಲದ ತೀರ್ಪುಗಳಲ್ಲಿ ಎದ್ದು ಕಾಣುತ್ತದೆ. 1923ರ ನವೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರ್ ನಡೆಸಿದ ದಂಗೆಯಲ್ಲಿ ನಾಲ್ವರು ಪೊಲೀಸರು ಸತ್ತರು. ರಾಜದ್ರೋಹದ ಆ ಮೊಕದ್ದಮೆಯಲ್ಲಿ ಅವನಿಗೆ ಕನಿಷ್ಠ ಶಿಕ್ಷೆಯಾದ ಐದು ವರ್ಷದ ಸೆರೆವಾಸ ವಿಧಿಸಲಾಯಿತು, ಅದರಲ್ಲೂ 1924ರ ಡಿಸೆಂಬರ್ ಮುಗಿಯುವ ಮೊದಲೇ ಬಿಡುಗಡೆಯಾಯಿತು. ಆಗ ಅವನು ಆಸ್ಟ್ರಿಯದ ಪ್ರಜೆ, ಗಡೀಪಾರು ಮಾಡಲು ಕಾನೂನಿತ್ತು, ನ್ಯಾಯಾಲಯ ಮಾಡಲಿಲ್ಲ.

ಬೆಂಕಿ ಪ್ರಕರಣದಲ್ಲಿ ಲೈಪ್‌ಜಿಗ್‌ನ ಸರ್ವೋಚ್ಚ ನ್ಯಾಯಾಲಯ ನಾಲ್ವರು ಕಮ್ಯುನಿಸ್ಟರನ್ನು ಸಾಕ್ಷ್ಯವಿಲ್ಲವೆಂದು ಬಿಟ್ಟದ್ದು ನಿಜ. ಆದರೆ ಅದೇ ನ್ಯಾಯಾಲಯ, ಕೃತ್ಯ ನಡೆದಾಗ ಆ ಅಪರಾಧಕ್ಕೆ ಇಲ್ಲದಿದ್ದ ಮರಣದಂಡನೆಯನ್ನು ಪೂರ್ವಾನ್ವಯವಾಗಿ ತಂದ ಕಾಯ್ದೆಯನ್ನು ಒಪ್ಪಿ ಫಾನ್ ಡರ್ ಲುಬೆಗೆ ಅದನ್ನೇ ವಿಧಿಸಿತು, 1934ರ ಜನವರಿಯಲ್ಲಿ ಅವನ ಶಿರಚ್ಛೇದವಾಯಿತು. ಆ ನಾಲ್ವರ ಬಿಡುಗಡೆಯಿಂದ ಕೆರಳಿದ ಸರ್ಕಾರ ರಾಜದ್ರೋಹದ ಮೊಕದ್ದಮೆಗಳನ್ನು ಹೊಸ 'ಜನತಾ ನ್ಯಾಯಾಲಯ'ಕ್ಕೆ ವರ್ಗಾಯಿಸಿತು. 1934ರ ಜುಲೈ 3ರ ಒಂದೇ ವಾಕ್ಯದ ಕಾಯ್ದೆಯಂತೂ ಜೂನ್ 30ರಿಂದ ನಡೆದ ಕೊಲೆಗಳನ್ನೆಲ್ಲ ರಾಷ್ಟ್ರದ ಆತ್ಮರಕ್ಷಣೆಯೆಂದು ಸಾರಿ ಸಕ್ರಮಗೊಳಿಸಿತು. ಯಹೂದಿ ನ್ಯಾಯಾಧೀಶರನ್ನು ವಜಾಗೊಳಿಸುವ ಕಾಯ್ದೆ 1933ರ ಏಪ್ರಿಲ್ 7ರಂದು ಬಂದಾಗ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ತುಟಿ ಬಿಚ್ಚಲಿಲ್ಲ; ತೆರವಾದ ಹುದ್ದೆಗಳಿಗೆ ಬಡ್ತಿ ಪಡೆದವರೂ ಇದ್ದರು.

ಪ್ರಶ್ನೆ (ಬೆಂಗಳೂರು): ತಡೆಯಬಹುದಾಗಿದ್ದ ಘಳಿಗೆ ಯಾವುದು?

ಉತ್ತರ: ಒಂದಲ್ಲ. 1930ರ ಮಾರ್ಚ್‌ನಲ್ಲಿ, ನಿರುದ್ಯೋಗ ವಿಮೆಯ ವಂತಿಗೆಯನ್ನು ಯಾರೆಷ್ಟು ಹೊರಬೇಕೆಂಬ ಜಗಳಕ್ಕೆ ಚಾನ್ಸಲರ್ ಹರ್ಮನ್ ಮ್ಯುಲರ್ ಸರ್ಕಾರವನ್ನು ಅದರಲ್ಲಿದ್ದ ಪಕ್ಷಗಳೇ ಬೀಳಲು ಬಿಡದಿದ್ದರೆ ಸಂಸತ್ತಿನ ಬಹುಮತವಿದ್ದ ಕೊನೆಯ ಸರ್ಕಾರ ಉಳಿಯುತ್ತಿತ್ತು. 1932ರ ಜುಲೈ 20ರಂದು ಪಾಪೆನ್ ಸುಗ್ರೀವಾಜ್ಞೆಯಿಂದ ಪ್ರಶ್ಯದ ಸೋಷಿಯಲ್ ಡೆಮಾಕ್ರಟ್ ಸರ್ಕಾರವನ್ನು ಕಿತ್ತೊಗೆದಾಗ ಆ ಸರ್ಕಾರ ಕೋರ್ಟಿಗೆ ಹೋಯಿತೇ ಹೊರತು ತನ್ನ ಪೊಲೀಸರನ್ನಾಗಲಿ ಕಾರ್ಮಿಕರನ್ನಾಗಲಿ ಕರೆಯಲಿಲ್ಲ. ಲಕ್ಷಾಂತರ ಜನ ಕೆಲಸವಿಲ್ಲದೆ ನಿಂತಿದ್ದಾಗ ಸಾರ್ವತ್ರಿಕ ಮುಷ್ಕರ ನಡೆಯದು, ರಕ್ತಪಾತವೇ ಆಗುವುದು ಎಂದು ಆ ನಾಯಕರು ಹೆದರಿದ್ದರಲ್ಲಿ ತಥ್ಯವಿತ್ತು. ಆದರೂ ಆ ದಿನ ಕಳೆದುಕೊಂಡ ಪೊಲೀಸ್ ಪಡೆಯೇ ಏಳು ತಿಂಗಳ ನಂತರ ಗೋರಿಂಗ್‌ನ ಕೈಯಲ್ಲಿತ್ತು. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಸುಲಭವಾಗಿ ತಡೆಯಬಹುದಾಗಿದ್ದದ್ದು 1933ರ ಜನವರಿಯನ್ನು. ಅಲ್ಲಿ ಯಾರೂ ಬೀದಿಗಿಳಿಯಬೇಕಾಗಿರಲಿಲ್ಲ, ಹಿಂಡೆನ್‌ಬರ್ಗ್ ತನ್ನ ಹಿಂದಿನ ಉತ್ತರವನ್ನೇ ಮತ್ತೊಮ್ಮೆ ಹೇಳಿದ್ದರೆ ಸಾಕಾಗಿತ್ತು.

ಪ್ರಶ್ನೆ (ಉಡುಪಿ): ನಮ್ಮ ಸಂವಿಧಾನ ರಚಿಸಿದವರಿಗೆ ಈ ಇತಿಹಾಸದ ಅರಿವಿತ್ತೇ?

ಉತ್ತರ: ಚೆನ್ನಾಗಿಯೇ ಇತ್ತು. 1949ರ ಆಗಸ್ಟ್‌ನಲ್ಲಿ ಸಂವಿಧಾನ ಸಭೆ ತುರ್ತುಪರಿಸ್ಥಿತಿಯ ಅಧ್ಯಾಯವನ್ನು ಚರ್ಚಿಸುತ್ತಿದ್ದಾಗ, ಮಂಗಳೂರಿನಲ್ಲಿ ಜನಿಸಿದ ಹರಿ ವಿಷ್ಣು ಕಾಮತ್ ಅವರು ಎದ್ದುನಿಂತು, ಇಂಥ ಅಧ್ಯಾಯಕ್ಕೆ ಹತ್ತಿರದ ಹೋಲಿಕೆ ಸಿಗುವುದು ವೈಮಾರ್ ಸಂವಿಧಾನದಲ್ಲಿ, ಅದರ ಆ ವಿಧಿಗಳನ್ನೇ ಬಳಸಿಕೊಂಡು ಹಿಟ್ಲರ್ ಅದನ್ನು ನಾಶ ಮಾಡಿದ ಎಂದು ಎಚ್ಚರಿಸಿದರು. ಅವರ ತಿದ್ದುಪಡಿಗಳಿಗೆ ಸಭೆ ಒಪ್ಪಲಿಲ್ಲ. ಹಕ್ಕುಗಳನ್ನು ಅಮಾನತಿನಲ್ಲಿಡುವ ಅವಕಾಶ ನಮ್ಮ ಸಂವಿಧಾನದಲ್ಲಿ ಉಳಿಯಿತು. 1975ರಲ್ಲಿ ಅದರ ಬಳಕೆಯೂ ಆಯಿತು, ಕಾಮತ್ ಅವರೂ ಆಗ ಸೆರೆಮನೆ ಸೇರಿದರು. 1978ರ 44ನೇ ತಿದ್ದುಪಡಿಯ ನಂತರ 'ಆಂತರಿಕ ಗಲಭೆ' ಎಂಬ ಕಾರಣದ ಜಾಗದಲ್ಲಿ 'ಸಶಸ್ತ್ರ ಬಂಡಾಯ' ಬಂತು, ಸಂಪುಟದ ಲಿಖಿತ ತೀರ್ಮಾನವಿಲ್ಲದೆ ರಾಷ್ಟ್ರಪತಿ ತುರ್ತುಪರಿಸ್ಥಿತಿ ಘೋಷಿಸುವಂತಿಲ್ಲ ಎಂದಾಯಿತು, 20 ಮತ್ತು 21ನೇ ವಿಧಿಗಳು ಕೊಡುವ ರಕ್ಷಣೆಯನ್ನು ತುರ್ತುಪರಿಸ್ಥಿತಿಯಲ್ಲೂ ಅಮಾನತು ಮಾಡುವಂತಿಲ್ಲ ಎಂದಾಯಿತು. ಪೂರ್ವಾನ್ವಯ ಶಿಕ್ಷೆಯನ್ನು ನಿಷೇಧಿಸುವುದು ಆ 20ನೇ ವಿಧಿಯೇ.